ತಾಯಿ ತಾವಾಗಿಯೇ ಸರ ಬಿಚ್ಚಿಕೊಟ್ಟದ್ದೇಕೆ?

ಮಂಡ್ಯದ ಓದುಗರೊಬ್ಬರ ಪತ್ರ: "ನೂರಡಿ ರಸ್ತೆಯಲ್ಲಿ ನಮ್ಮ ತಾಯಿಯನ್ನು ಇಬ್ಬರು ತಡೆದು, 'ನಾವು ಪೊಲೀಸರು, ಮುಂದೆ ಸರಗಳ್ಳತನ ಆಗಿದೆ, ಒಡವೆ ಬಿಚ್ಚಿ ಚೀಲದಲ್ಲಿ ಇಟ್ಕೊಳ್ಳಿ' ಎಂದರಂತೆ. ಅಮ್ಮನೇ ಸರ ಬಿಚ್ಚಿಕೊಟ್ಟರು. ಅವರು ಪೇಪರ್ ಸುತ್ತಿ ಕೊಟ್ಟ ಪೊಟ್ಟಣದಲ್ಲಿ ಇದ್ದದ್ದು ಜಲ್ಲಿಕಲ್ಲು. 'ಕೈ ತಾನಾಗೇ ಹೋಯ್ತು ಕಣಪ್ಪ' ಎಂದು ಅಳುತ್ತಾರೆ. ಮಂಕುಬೂದಿ ಎರಚಿದ್ದಾರೆ ಅಂತ ಕೆಲವರು, ಇಷ್ಟೂ ಬುದ್ಧಿ ಬೇಡವೇ ಅಂತ ಇನ್ನು ಕೆಲವರು. ಹಿಪ್ನಾಟಿಸಂ ಮಾಡಿ ಮನುಷ್ಯನ ಇಚ್ಛೆ ಮೀರಿ ಕೆಲಸ ಮಾಡಿಸಬಹುದೇ? ಅದರಿಂದಲೇ ಕಳ್ಳರ ಮುಖ ನೆನಪಿಗೆ ತರಿಸಬಹುದೇ?"

ಪ್ರಿಯರೇ, ನಿಮ್ಮ ತಾಯಿಯವರನ್ನು ನೆನೆದು ಸಂಕಟವಾಯಿತು. ಅವರ ಮೇಲೆ ಸಂಮೋಹನ (ಹಿಪ್ನಾಟಿಸಂ) ನಡೆದಿದೆಯೆಂದು ನನಗೆ ಅನ್ನಿಸುವುದಿಲ್ಲ. ಸಂಮೋಹನಕ್ಕೆ ಒಳಗಾಗುವವರ ಸಹಕಾರ ಬೇಕು. ಎಲ್ಲರೂ ಒಂದೇ ಸಮ ಒಳಗಾಗುವುದಿಲ್ಲ. ಒಳಗಾದವರೂ ಎಚ್ಚರ ತಪ್ಪಿರುವುದಿಲ್ಲ, ಗಮನ ಒಂದು ಕಡೆ ನೆಟ್ಟಿರುತ್ತದೆ, ಅಷ್ಟೆ. ಹಾಗೆಂದು ಅದು ಬೂಟಾಟಿಕೆಯೂ ಅಲ್ಲ. ಅರಿವಳಿಕೆ ಬಳಕೆಗೆ ಬರುವ ಮುನ್ನವೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ಸಂಮೋಹನದ ಹಳೆಯ ರೂಪವಾದ ಮೆಸ್ಮರಿಸಂ ಬಳಸಿ ಶಸ್ತ್ರಚಿಕಿತ್ಸೆ ಶುರುಮಾಡಿದ್ದ. ನೋವು ತಗ್ಗಿಸಲು ಇವತ್ತಿಗೂ ಸಂಮೋಹನದ ಬಳಕೆಯಿದೆ.

ನಿಮ್ಮ ಪ್ರಶ್ನೆಯನ್ನೇ ಕೈಗೆತ್ತಿಕೊಂಡವರು ಮನೋವಿಜ್ಞಾನಿಗಳಾದ ಮಾರ್ಟಿನ್ ಆರ್ನ್ ಮತ್ತು ಫ್ರೆಡರಿಕ್ ಇವಾನ್ಸ್. 1965ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಸಂಮೋಹನಕ್ಕೆ ಒಳಗಾದ 6 ಜನರಿಗೆ ವಿಷದ ಹಾವು ಹಿಡಿಯಲು, ಆಸಿಡ್‌ಗೆ ಬರಿಗೈ ಹಾಕಿ ನಾಣ್ಯ ತೆಗೆಯಲು, ಆ ಆಸಿಡ್ಡನ್ನು ಎದುರಿನವನ ಮುಖಕ್ಕೆ ಎರಚಲು ಹೇಳಿದರು. ಯಾರಿಗೂ ಅಪಾಯವಾಗದಂತೆ ಒಳಗೊಳಗೇ ಏರ್ಪಾಡಿತ್ತು. 5 ಜನ ಮಾಡಿದರು! ಇಲ್ಲಿಗೇ ನಿಲ್ಲಿಸಿದ್ದರೆ ಮಂಕುಬೂದಿಯೇ ನಿಜವಾಗುತ್ತಿತ್ತು. ಆದರೆ ಸಂಮೋಹನವಾದಂತೆ ನಟಿಸಿ ಎಂದು ಹೇಳಿದ್ದ ಬೇರೆ 6 ಜನರಲ್ಲಿ ಆರೂ ಮಂದಿ ಮಾಡಿದರು. ಅಂದರೆ ಅದಕ್ಕೆ ಸಂಮೋಹನವೇ ಬೇಕಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು, ವಿಶ್ವವಿದ್ಯಾನಿಲಯದವರು ನಮಗೆ ಕೇಡಾಗಲು ಬಿಡುವುದಿಲ್ಲ ಎಂಬ ಭರವಸೆ ಇತ್ತು ಎಂದು.

ನಿಮ್ಮ ತಾಯಿಯವರ ಮುಂದೆ ಆ ಭರವಸೆಯ ಜಾಗದಲ್ಲಿ ನಿಂತಿದ್ದು "ಪೊಲೀಸ್" ಎಂಬ ಮಾತು. ಈ ವಂಚನೆಯ ವರಸೆ ಹಳೆಯದು. ಒಬ್ಬ ಕಾರ್ಡ್ ತೋರಿಸಿ ಗದರುತ್ತಾನೆ. ಅವರ ಕಡೆಯವನೇ ಒಬ್ಬ ದಾರಿಹೋಕನಂತೆ ಬಂದು ಬೈಸಿಕೊಂಡು ತನ್ನ ಸರ ಬಿಚ್ಚುತ್ತಾನೆ. ಅದನ್ನು ಪೊಟ್ಟಣ ಕಟ್ಟಿ ಅವನಿಗೇ ಕೊಡುತ್ತಾರೆ. ನೋಡಿದವರಿಗೆ ಇನ್ನೇನು ಅನುಮಾನ? ಸರ ಜೋಪಾನವಾಗಿರಲಿ ಎಂದೇ ನಿಮ್ಮ ತಾಯಿ ಬಿಚ್ಚಿದರು. ಅವರ ಇಚ್ಛೆಯನ್ನು ಯಾರೂ ಮೀರಲಿಲ್ಲ. ಅದನ್ನೇ ಹಿಡಿದು ಮೋಸ ಮಾಡಿದರು. ಗಾಬರಿಯಲ್ಲಿ, ಅವಸರದಲ್ಲಿ ಮಾಡಿದ ಕೆಲಸ ಆಮೇಲೆ ನಮ್ಮದಲ್ಲ ಎನ್ನಿಸುವುದುಂಟು. "ಬುದ್ಧಿ ಬೇಡವೇ" ಎನ್ನುವವರನ್ನು ದಯವಿಟ್ಟು ತಡೆಯಿರಿ. ಬುದ್ಧಿವಂತರ ಒಡವೆಗಳೂ ಹೀಗೇ ಹೋಗಿವೆ.

ನೆನಪು ತರಿಸಲು ಸಂಮೋಹನ ಖಂಡಿತ ಬೇಡ. ಅದರಡಿ ಹೊರಬರುವ ನೆನಪಿನಲ್ಲಿ ಕಲ್ಪನೆಯೂ ಬೆರೆಯುತ್ತದೆ, ಹೇಳುವವರಿಗೆ ಮಾತ್ರ ಅದೇ ನಿಜವೆಂಬ ನಂಬಿಕೆ ಗಟ್ಟಿಯಾಗುತ್ತದೆ ಎಂದು ಅಮೆರಿಕದ ವೈದ್ಯರ ಸಂಘ 1985ರಲ್ಲೇ ಎಚ್ಚರಿಸಿತ್ತು. ತಪ್ಪು ಮುಖವೊಂದು ನೆನಪಾಗಿ ನಿರಪರಾಧಿಯೊಬ್ಬ ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು. ಇನ್ನೂ ದೂರು ಕೊಟ್ಟಿಲ್ಲವಾದರೆ ಕೊಡಿ. ಆ ಸಾಲಿನ ಅಂಗಡಿಗಳ ಸಿಸಿಟಿವಿ ನೋಡಲು ಪೊಲೀಸರನ್ನು ಕೇಳಿ. ತಾಯಿಯವರಿಗೆ ರಾತ್ರಿ ನಿದ್ದೆ ಬಾರದೆ ಅಳು ನಿಲ್ಲದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.