ಹಿಮ ಕರಗಿದರೆ ತಿಮಿಂಗಿಲಕ್ಕೆ ಮೇವು ಹೆಚ್ಚಬೇಕಲ್ಲವೇ?

ಧ್ರುವದ ಕಡಲಲ್ಲಿ ಮಂಜುಗಡ್ಡೆ ಕಡಿಮೆಯಾದಷ್ಟೂ ತಿಮಿಂಗಿಲಗಳಿಗೆ ಮೇಯುವ ಜಾಗ ಹೆಚ್ಚುತ್ತದೆ, ಮತ್ತೆ ಅವು ಬಡಕಲಾಗುವುದೇಕೆ ಎಂದು ಕೇಳಿದ್ದೀರಿ. ಹೀಗೆ ಕುಗ್ಗಿದ ಸಂಖ್ಯೆ ಮತ್ತೆ ಏರುತ್ತದೆಯೇ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ನಿಮ್ಮ ಊಹೆ ಒಂದು ಜಾತಿಯ ಮಟ್ಟಿಗೆ ನಿಜವೇ. ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಿದ್ದ ವರ್ಷಗಳಲ್ಲಿ ಬೋಹೆಡ್ ತಿಮಿಂಗಿಲಗಳ ಮೈ ಇನ್ನಷ್ಟು ತುಂಬಿಕೊಂಡದ್ದು ದಾಖಲಾಗಿದೆ. ಅವುಗಳ ಆಹಾರ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು. ತೆರೆದ ನೀರಿಗೆ ಬಿಸಿಲು ಬಿದ್ದಷ್ಟೂ ಅವು ಹೆಚ್ಚುತ್ತವೆ. ಆದರೆ ಹಿಮ ಸರಿದ ದಾರಿಯಲ್ಲೇ ತಿಮಿಂಗಿಲಗಳನ್ನು ಬೇಟೆಯಾಡುವ ಓರ್ಕಾಗಳೂ ಒಳಬರುತ್ತವೆ ಎಂಬುದನ್ನು ಮರೆಯಬಾರದು.

ಬೂದು ತಿಮಿಂಗಿಲದ ಪಾಡು ಬೇರೆ. ಅದು ಅಲಾಸ್ಕಾ ಮತ್ತು ರಷ್ಯಾ ನಡುವಿನ ಬೇರಿಂಗ್, ಚುಕ್ಚಿ ಸಮುದ್ರಗಳ ಆಳವಿಲ್ಲದ ತಳಕ್ಕಿಳಿದು, ಮಗ್ಗುಲಾಗಿ ಮಲಗಿ, ಕೆಸರನ್ನು ಬಾಯಿಗೆಳೆದು, ಅದರೊಳಗಿನ ಆಂಫಿಪಾಡ್‌ಗಳನ್ನು ಸೋಸಿ ತಿನ್ನುತ್ತದೆ. ಸೀಗಡಿಯಂಥ ಈ ಪುಟ್ಟ ಜೀವಿಗಳಿಗೆ ಅನ್ನ ಬರುವುದು ಮೇಲಿನಿಂದ. ಮಂಜುಗಡ್ಡೆಯ ಅಡಿಭಾಗ ಒಂದು ತಲೆಕೆಳಗಾದ ಹುಲ್ಲುಗಾವಲು. ಅಲ್ಲಿ ಬೆಳೆದ ಪಾಚಿ ವಸಂತದಲ್ಲಿ ಕಳಚಿ, ತಣ್ಣನೆಯ ನೀರಿನಲ್ಲಿ ತಿನ್ನುವವರು ಕಡಿಮೆಯಿರುವಾಗ, ನೇರ ತಳ ಸೇರುತ್ತದೆ. ಹಿಮ ಬೇಗ ಕರಗಿತೋ, ಪಾಚಿ ತಡವಾಗಿ ತೆರೆದ ನೀರಿನಲ್ಲಿ ಅರಳುತ್ತದೆ. ಅಷ್ಟರಲ್ಲಿ ನೀರು ಬೆಚ್ಚಗಾಗಿ, ತೇಲುವ ಜೀವಿಗಳೇ ಅದನ್ನು ಮೇಯ್ದು ಮುಗಿಸುತ್ತವೆ. ಜೊತೆಗೆ ಹರಿವು ಬಿರುಸಾದ ಕಡೆ ನುಣ್ಣನೆಯ ಕೆಸರು ಕೊಚ್ಚಿಹೋಗಿ ದಪ್ಪ ಮರಳು ಉಳಿಯುತ್ತದೆ. ಆಂಫಿಪಾಡ್‌ಗಳು ಅಲ್ಲಿ ಮನೆ ಕಟ್ಟಲಾರವು.

ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಲ್ಲೇ ಬೂದು ತಿಮಿಂಗಿಲ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಮರಿಹಾಕಿ, ಹಾಲೂಡಿಸಿ ಮರಳಬೇಕು. ದಾರಿಯಲ್ಲಿ ಸಿಗುವ ಮೇವು ಅತ್ಯಲ್ಪ. ಹಸಿದ ಪ್ರಾಣಿಯನ್ನು ಡ್ರೋನ್ ಚಿತ್ರದಲ್ಲೇ ಗುರುತಿಸಬಹುದು: ತಲೆಬುರುಡೆಯ ಹಿಂದೆ ತಗ್ಗು ಬೀಳುತ್ತದೆ, ಹೆಗಲ ಮೂಳೆ ಎದ್ದು ಕಾಣುತ್ತದೆ. 2018ರ ಡಿಸೆಂಬರ್‌ನಿಂದ 2023ರ ನವೆಂಬರ್‌ವರೆಗೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 690 ಬೂದು ತಿಮಿಂಗಿಲಗಳು ದಡಕ್ಕೆ ಬಿದ್ದವು. ಎಲ್ಲವೂ ಹಸಿವಿನಿಂದ ಸತ್ತವಲ್ಲ, ಹಡಗು ಬಡಿದವೂ ಓರ್ಕಾಗಳ ಬಾಯಿಗೆ ಸಿಕ್ಕವೂ ಇದ್ದವು. ಆದರೆ ಬಡಕಲು ದೇಹಗಳು ಹಲವಾರು.

ದಕ್ಷಿಣ ಧ್ರುವದ ಕಡಲಲ್ಲಿ ಇದೇ ಕಥೆ ತಿಮಿಂಗಿಲಗಳ ಮೇವಾದ, ಸೀಗಡಿಯಂಥ ಕ್ರಿಲ್ ಮೂಲಕ ನಡೆಯುತ್ತದೆ. ಬೆಳೆದ ಕ್ರಿಲ್ ತಿಂಗಳುಗಟ್ಟಲೆ ಉಪವಾಸವಿದ್ದು, ಮೈ ಕುಗ್ಗಿಸಿಕೊಂಡಾದರೂ ಬದುಕುತ್ತದೆ. ಅದರ ಮರಿಗೆ ಆ ಶಕ್ತಿಯಿಲ್ಲ. ಮೊದಲ ಚಳಿಗಾಲವನ್ನು ಅದು ಹಿಮದಡಿಯ ಪಾಚಿಯನ್ನು ಕೆರೆದು ತಿಂದೇ ದಾಟಬೇಕು. ಮರಿಗಳು ಉಳಿಯದಿದ್ದರೆ ಮುಂದೆ ಬೆಳೆದ ಕ್ರಿಲ್ ಕಡಿಮೆಯಾಗುತ್ತದೆ, ಅದಕ್ಕೇ ಹಿಮದ ಕೊರತೆಯ ಪೆಟ್ಟು ತಿಮಿಂಗಿಲಕ್ಕೆ ತಾಗುವುದು ತಡವಾಗಿ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮಕ್ಕೆ ಹಂಪ್‌ಬ್ಯಾಕ್ ಜಾತಿಯ ಹೆಣ್ಣು ತಿಮಿಂಗಿಲಗಳ ಕೊಬ್ಬಿನ ಚೂರು ತೆಗೆದು, ಗರ್ಭವನ್ನು ಸೂಚಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಅಳೆದಾಗ, ಕ್ರಿಲ್ ಸಮೃದ್ಧವಾಗಿದ್ದ ವರ್ಷದ ನಂತರ, 2017ರಲ್ಲಿ, 86% ಗರ್ಭ ಧರಿಸಿದ್ದವು. ಕ್ರಿಲ್ ಕಡಿಮೆಯಾದ ವರ್ಷದ ನಂತರ, 2020ರಲ್ಲಿ, ಕೇವಲ 29%. ಸಾವಿನ ಲೆಕ್ಕಕ್ಕಿಂತ ಈ ಲೆಕ್ಕವೇ ನನಗೆ ಹೆಚ್ಚು ಕಳವಳ ತರುತ್ತದೆ. ಹುಟ್ಟದ ಮರಿ ಯಾವ ದಡಕ್ಕೂ ಬಂದು ಬೀಳುವುದಿಲ್ಲ.

ಇನ್ನು ಚೇತರಿಕೆ. 1999–2000ರಲ್ಲೂ ಬೂದು ತಿಮಿಂಗಿಲಗಳು ಗುಂಪುಗುಂಪಾಗಿ ಸತ್ತಿದ್ದವು. ಆಮೇಲೆ ಸಂಖ್ಯೆ ಏರಿ 2016ರ ಹೊತ್ತಿಗೆ ಸುಮಾರು 27,000 ತಲುಪಿತು. ಈ ಸಲ ಹಾಗಾಗಿಲ್ಲ. ಸಾವಿನ ಅಲೆ 2023ರಲ್ಲಿ ಮುಗಿಯಿತೆಂದು ಘೋಷಿಸಿದ ಮೇಲೂ ಸಂಖ್ಯೆ ಇಳಿದು, 2025ರ ಎಣಿಕೆಯಲ್ಲಿ ಸುಮಾರು 13,000ಕ್ಕೆ ನಿಂತಿದೆ.