ಬಾಟಾ ಕೊಟ್ಟ ಮೇಲೂ ಟಿಪ್ಸ್ ಯಾಕೆ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಬಾಡಿಗೆ ಕಾರು ಮಾಡಿಕೊಂಡು ಮನೆಯವರೆಲ್ಲ ಆಗುಂಬೆ, ಉಡುಪಿ, ಶೃಂಗೇರಿ ಸುತ್ತಿ ಬಂದೆವು. ಕಿಲೋಮೀಟರ್ ಲೆಕ್ಕ, ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಎಲ್ಲ ಕೊಟ್ಟರೂ ಇಳಿಯುವಾಗ ಡ್ರೈವರ್ ತಲೆ ಕೆರೆದುಕೊಂಡು ನಿಂತ. ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ. ಕೊಟ್ಟು ಕೊಟ್ಟು ಇವರ ಅಭ್ಯಾಸ ಕೆಡಿಸಿದ್ದು ನಾವೇ ಅಲ್ವಾ? ಟೆಕ್ಸಾಸ್‌ನ ಮಗಳ ಮನೆಗೆ ಹೋದಾಗ ಬಿಲ್ಲಿಗೆ ಶೇ. 20 ಸೇರಿಸಿ ಕೊಡುತ್ತಿದ್ದೆವು. ಅಲ್ಲಿನ ಶಿಸ್ತೇ ಬೇರೆ."

ಮೇಷ್ಟ್ರೇ, ಸಂಬಳ ಕೊಡಬೇಕಾದವನು ಮಾಲೀಕ, ಗಿರಾಕಿ ಅಲ್ಲ. ಅಷ್ಟು ಒಪ್ಪಿದೆ. ಮುಂದಕ್ಕೆ ಹೋಗೋಣ.

ಮೊದಲು ಆ ಟೆಕ್ಸಾಸ್ ಶಿಸ್ತು. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ತನ್ನ ಜೇಬಿನಿಂದ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಅನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. 1991ರಿಂದ ಆ ಅಂಕಿ ಕದಲಿಲ್ಲ. ಟೆಕ್ಸಾಸ್‌ನಲ್ಲೂ ಅದೇ. ಟಿಪ್ಸ್ ಸೇರಿಸಿಯೂ 7.25 ಡಾಲರ್ ಆಗದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು. ಅಂದರೆ ಅಲ್ಲಿ ನೀವು ಕೊಟ್ಟಿದ್ದು ಮಾಲೀಕ ಉಳಿಸಿಕೊಂಡ ಸಂಬಳವನ್ನು! ಅಲ್ಲಿ ತುಟಿಪಿಟಿಕ್ಕೆನ್ನದೆ ಕೊಟ್ಟವರಿಗೆ ತೀರ್ಥಹಳ್ಳಿ ದಾಟಿದ ಕೂಡಲೇ ಅಭ್ಯಾಸ ಕೆಡುವ ಚಿಂತೆ ಬಂದಿದ್ದು ಹೇಗೆ?

ಸರ್ವಿಸ್ ಚಾರ್ಜ್ ವಿಷಯದಲ್ಲಿ ನಾನು ನಿಮ್ಮ ಕಡೆ. ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು, ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೀರಿ ಅನ್ನಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡು ಟೇಬಲ್ ಒರೆಸುವ ಹುಡುಗನಿಗೆ ಮುಟ್ಟಿತೋ ಇಲ್ಲವೋ ಯಾರಿಗೆ ಗೊತ್ತು? ಅದನ್ನು ಉಳಿಸಿ, ಅವನ ಕೈಗೇ ಕೊಡಿ.

ಇನ್ನು ಬಾಟಾ. ಅದು ಡ್ರೈವರ್ ಊಟಕ್ಕೆ, ರಾತ್ರಿ ತಂಗೋದಕ್ಕೆ. ಆ ದುಡ್ಡಲ್ಲಿ ಮೂರು ಹೊತ್ತು ತಿಂದು ರೂಮೂ ಮಾಡಿದರೆ ಮನೆಗೆ ಏನು ಒಯ್ಯುತ್ತಾರೆ? ಹಾಗಾಗಿ ಕಾರಲ್ಲೇ ಮಲಗುತ್ತಾರೆ. ಒಮ್ಮೆ ಒಂದು ದೇವಸ್ಥಾನದ ಊರಿನ ಲಾಡ್ಜಿನಲ್ಲಿ ನಸುಕಿಗೇ ಕೆಳಗಿಳಿದು ನೋಡುತ್ತೇನೆ, ನಮ್ಮ ಡ್ರೈವರ್ ಸೀಟು ಹಿಂದಕ್ಕೆ ಒರಗಿಸಿ, ಗಾಜು ನಾಲ್ಕು ಬೆರಳು ಇಳಿಸಿ, ಸೊಳ್ಳೆಗೆ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಸ್ನಾನಕ್ಕೆ ಒಂದು ಬಕೆಟ್ ಬಿಸಿನೀರು ಕೊಡಿ ಅಂದರೆ ಕೌಂಟರಿನವನು "ಅದು ಗೆಸ್ಟ್‌ಗೆ ಮಾತ್ರ ಸರ್" ಅಂದ. ಅದೇ ಡ್ರೈವರ್ ಪೆಟ್ರೋಲ್ ಬಂಕಿನಲ್ಲಿ ಮುಖ ತೊಳೆದು, ಕಾರು ಒರೆಸಿ, ನಾವು ತಿಂಡಿ ಮುಗಿಸಿ ಬರುವಷ್ಟರಲ್ಲಿ ರೆಡಿ. ಆಮೇಲೆ ಆಗುಂಬೆಯ 14 ತಿರುವು. ಹಿಂದಿನ ಸೀಟಲ್ಲಿ ನಾವು ಗೊರಕೆ.

ಎಷ್ಟು ಅಂತ ಕೇಳಿದರೆ, ದಿನಕ್ಕೆ ಇನ್ನೂರಾದರೂ ಕೊಡಿ, ತಲೆ ಕೆರೆದುಕೊಳ್ಳುವ ಮೊದಲೇ ಕೊಡಿ. ರೂಮ್ ಗುಡಿಸುವ ಹೆಂಗಸು ಕಣ್ಣಿಗೇ ಬೀಳುವುದಿಲ್ಲ. ಹುಡುಕಿ ಕೊಡಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ ಮೇಷ್ಟ್ರೇ. ಈಗಿನ ಲಾಡ್ಜುಗಳಲ್ಲಿ ಲಾಬಿಗೆ ಕಾರಂಜಿ, ಸೆಲ್ಫಿಗೆ ರೆಕ್ಕೆ ಬರೆದ ಗೋಡೆ, ಎಲ್ಲಕ್ಕೂ ಜಾಗ ಇದೆ. ಡ್ರೈವರ್‌ಗಳಿಗೆ ನಾಲ್ಕು ಮಂಚ ಹಾಕೋಕೆ ಮಾತ್ರ ಇಲ್ಲ. ಬುಕ್ ಮಾಡುವಾಗ ಲಿಫ್ಟ್ ಇದೆಯಾ, ಬಿಸಿನೀರು ಇದೆಯಾ ಅಂತೆಲ್ಲ ಕೇಳುತ್ತೀರಲ್ಲ, ಮುಂದಿನ ಸಲ ಡ್ರೈವರ್ ಎಲ್ಲಿ ಮಲಗಬೇಕು ಅಂತಲೂ ಕೇಳಿ. ಏನು ಹೇಳಿದರು ಅಂತ ನನಗೆ ಬರೀರಿ, ಅಚ್ಚು ಹಾಕುತ್ತೇನೆ.