ಹಳೇ ಮಿನಿ ಡಿವಿ ಬಿಟ್ಟು ಎಚ್‌ಡಿ ಕ್ಯಾಮೆರಾ ತಗೊಳ್ಳಬೇಕಾ?

ಮಿನಿ ಡಿವಿ ಟೇಪ್ ಹಾಕುವ ಹ್ಯಾಂಡಿಕ್ಯಾಮ್‌ನಲ್ಲೇ ಇನ್ನೊಂದು ಕಿರುಚಿತ್ರ ಮಾಡಲಾ, ಇಲ್ಲ ಎಚ್‌ಡಿ ಕ್ಯಾಮೆರಾ ಕೊಳ್ಳಲಾ ಅಂತ ಕೇಳಿದ್ದೀರಿ. ಖಂಡಿತ ಕೊಳ್ಳಿ. ನಿಮ್ಮ ಟೇಪಿನ ಚಿತ್ರ 720x576, ಫುಲ್ ಎಚ್‌ಡಿ 1920x1080, ಅಂದರೆ ಸರಿಯಾಗಿ 5 ಪಟ್ಟು ಜಾಸ್ತಿ ಪಿಕ್ಸೆಲ್. ಟೇಪ್ ಓಡಿಸಿ ಕಂಪ್ಯೂಟರಿಗೆ ಇಳಿಸುವಾಗ ಒಂದು ಗಂಟೆ ಕಾಯುವ ಕೆಲಸವೂ ತಪ್ಪುತ್ತೆ.

ಆದರೆ ಸುಮ್ನೆ 4ಕೆ (ಫುಲ್ ಎಚ್‌ಡಿಗಿಂತಲೂ ಹೆಚ್ಚು ಪಿಕ್ಸೆಲ್) ಅಂತ ಬರೆದಿದೆ ಎಂದು ಮರುಳಾಗಬೇಡಿ. ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಫೋಕಸ್ ಮೂರನ್ನೂ ಕೈಯಲ್ಲೇ ಹೊಂದಿಸೋಕೆ ಆಗಬೇಕು, ಲೆನ್ಸ್ ಬದಲಿಸುವಂತಿರಬೇಕು, ಹೊರಗಿನ ಮೈಕ್ ಚುಚ್ಚೋಕೆ ಜಾಗ ಇರಬೇಕು. ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸುವ ಕ್ಯಾಮೆರಾ) ಆದರೂ ಪರವಾಗಿಲ್ಲ.

ನಾನು ಬದಲಾಯಿಸಿದ ಹೊಸದರಲ್ಲಿ ಅಜ್ಜಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುವ ದೃಶ್ಯ ತೆಗೆದೆ. ಮೊರದ ಮೇಲಿನ ಒಂದೊಂದು ಕಾಳೂ ಕಾಣುತ್ತಿತ್ತು, ಖುಷಿಯೋ ಖುಷಿ. ದೊಡ್ಡ ಪರದೆಯಲ್ಲಿ ನೋಡಿದರೆ ಗೋಡೆ ತುಂಬಾ ಕಪ್ಪು ಪಟ್ಟೆಗಳು ತೇಲುತ್ತಿವೆ! ಟ್ಯೂಬ್‌ಲೈಟ್ ಕೆಳಗೆ ಶಟರ್ 1/60 ಸೆಕೆಂಡಿಗೆ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತೆ, 1/60 ಅದಕ್ಕೆ ತಾಳೆಯಾಗಲ್ಲ, 1/50 ಆಗುತ್ತೆ, ಹಾಗಾಗಿ ಮನೆಯೊಳಗೆ ಸೆಕೆಂಡಿಗೆ 25 ಫ್ರೇಮು, 1/50 ಶಟರ್ ಇಡಿ, ಪಟ್ಟೆ ಬರಲ್ಲ, ಚಲನೆಯೂ ಸಿನಿಮಾದ ಹಾಗೆ ಮೆತ್ತಗಿರುತ್ತೆ. ಬಿಸಿಲಲ್ಲಿ ಇದೇ ಶಟರ್ ಉಳಿಸಿಕೊಳ್ಳೋಕೆ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ, ಬೆಳಕು ತಗ್ಗಿಸುವ ಗಾಜು) ಬೇಕಾಗುತ್ತೆ.

ಕ್ಯಾಮೆರಾಕ್ಕೇ ಎಲ್ಲಾ ದುಡ್ಡು ಸುರಿಯಬೇಡಿ. ಮೈಕು, ಗಟ್ಟಿ ಟ್ರೈಪಾಡು, ವಿ30 ಗುರುತಿನ (ವಿಡಿಯೋ ಬರೆಯುವಷ್ಟು ವೇಗದ) ಎರಡು ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಇಷ್ಟಕ್ಕೆ ಮೊದಲೇ ತೆಗೆದಿಡಿ. ಹಳೇ ಹ್ಯಾಂಡಿಕ್ಯಾಮ್ ಮಾತ್ರ ಮಾರಬೇಡಿ, ಟೇಪುಗಳಲ್ಲಿ ಇರುವುದನ್ನು ಇಳಿಸೋಕೆ ಅದೇ ಬೇಕು ಅಲ್ವಾ.